ದೇಸಾಯಿಗೆ ಬಡಿಸಿದ ಒಪ್ಪುಟ್ಟು

ಅಕ್ಕ ಉಟ್ಟು ಬಿಟ್ಟ ಸೀರೆಯನ್ನು ತಂಗಿಗೆ ಕೊಡುವುದು ಎಲ್ಲ ಮನೆಗಳಲ್ಲೂ ಇದೆ. ನಮ್ಮ ವಿಮಾನ ಕಂಪನಿಯಲ್ಲೂ ಅದೇ ಇತ್ತು. ನೀಲಾಂಬರ್ ಏರ್‌ವೇಸ್ ದೊಡ್ಡಕ್ಕ. ದಿಲ್ಲಿಯಲ್ಲಿ ಗಾಜಿನ ಕಟ್ಟಡ, ಸೂಟು ಹಾಕಿದ ಪ್ರಯಾಣಿಕರು, ಪಿಂಗಾಣಿ ಬಟ್ಟಲಲ್ಲಿ ಬಿಸಿ ಗೋಡಂಬಿ. ಕಡಿಮೆ ದರದಲ್ಲಿ ಜನರನ್ನು ರಜೆಗೆ ಕರೆದೊಯ್ಯಲೆಂದು ಆ ಅಕ್ಕ ಹೆತ್ತ ತಂಗಿ ಉಲ್ಲಾಸ್. ಅಕ್ಕನೇ ತಂಗಿಯನ್ನು ಹೆರುವುದು ಕಂಪನಿಗಳಲ್ಲಿ ಮಾತ್ರ ಸಾಧ್ಯ. ತನಗೆ ಸಾಕಾದ ಹಳೆಯ ವಿಮಾನಗಳಿಗೆ ಅರಿಶಿನದ ಬಣ್ಣ ಬಳಿದು, ಉಲ್ಲಾಸ್ ಎಂದು ಬರೆಸಿ, ನೀಲಾಂಬರ್ ಅವನ್ನು ನಮ್ಮ ಕೊಯಮತ್ತೂರಿಗೆ ತಳ್ಳಿತು.

ನಾನು ಇಂದುಜಾ. ಉಲ್ಲಾಸ್‌ನ ಮೊದಲ ವಿಮಾನ ಏರಿದ ದಿನ ಅದರ ಬಾಗಿಲಲ್ಲಿ ಕೈ ಮುಗಿದು ನಿಂತವಳು. ನಮ್ಮಲ್ಲಿ ಗೋಡಂಬಿ ಇಲ್ಲ, ನೀರಿಗೂ ಕಾಸು. ಆದರೂ ತಿರುಪ್ಪೂರಿನ ಬನಿಯನ್ ಕಂಪನಿಗಳ ಜನ ದೀಪಾವಳಿ ಬೋನಸ್ ಕೈಗೆ ಬಂದ ಕೂಡಲೇ ಸಂಸಾರ ಸಮೇತ ಹತ್ತಿ ಕೊಲಂಬೊಗೋ ಫುಕೆಟ್‌ಗೋ ಹಾರುತ್ತಿದ್ದರು. ಚಕ್ರ ನೆಲ ಬಿಡುವ ಮುಂಚೆಯೇ ಮುರುಕಿನ ಡಬ್ಬಿ ತೆರೆಯುತ್ತಿತ್ತು. ಮೊದಲ ಸಲ ಹಾರುವ ಅಜ್ಜಿಯರು ನನ್ನ ಕೈಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಮನೆದೇವರನ್ನೆಲ್ಲ ಕರೆಯುತ್ತಿದ್ದರು. ನನಗೆ ಆ ಕೆಲಸ ಇಷ್ಟವಿತ್ತು, ಹಾಗೆನ್ನಲು ಯಾವ ನಾಚಿಕೆಯೂ ಇಲ್ಲ. ಕುನ್ನತ್ತೂರಿನಲ್ಲಿ ನಮ್ಮಪ್ಪ ಹಸುಗಳಿಗೆ ಹೆಸರಿಟ್ಟ ಹಾಗೆ ನಾನೂ ನಮ್ಮ ವಿಮಾನಗಳಿಗೆ ಹೆಸರಿಟ್ಟಿದ್ದೆ. ಹಳೆಯವೆರಡಕ್ಕೆ ಮುದುಕಿ ಮತ್ತು ಕುಂಟಿ. ಆಮೇಲೆ, ನಮ್ಮ ಸೀಟುಗಳು ಯಾವಾಗಲೂ ತುಂಬಿರುವುದನ್ನು ಕಂಡು ದಿಲ್ಲಿಯವರು ಹೊಸ ವಿಮಾನಗಳನ್ನು ನಾಲ್ಕು ಕೊಟ್ಟರು. ತಂಗಿಗೆ ಹೊಸ ಸೀರೆ ಬಂದ ದಿನವೇ ಅಕ್ಕನ ಕಣ್ಣು ಅದರ ಮೇಲೆ ಬಿತ್ತು.

ಇದನ್ನು ಬರೆಯುತ್ತಿರುವ ಅಕ್ಷರಗಳನ್ನು ನಾನು ಕಲಿತದ್ದು ಈಚೆಗೆ, ಕೆಲಸ ಹೋದ ಮೇಲೆ, ಬರೀ ಹಟಕ್ಕೆ. ನಾವು ಮನೆಯಲ್ಲಿ ಕನ್ನಡ ಮಾತಾಡುವವರು. ಆದರೆ ಅದು ಒಲೆಯ ಮುಂದಿನ ಭಾಷೆ. ಶಾಲೆ, ಬಸ್ಸು, ಬಜಾರು, ಜಗಳ ಎಲ್ಲ ತಮಿಳಿನಲ್ಲೇ. ನಮ್ಮ ಕನ್ನಡದಲ್ಲೂ ತಮಿಳು ಒಗ್ಗರಣೆಯ ಸಾಸಿವೆಯ ಹಾಗೆ ಎಲ್ಲ ಕಡೆ ಸಿಡಿದಿರುತ್ತದೆ. ಕೆಲಸಕ್ಕೆ ನಾವು ಅನ್ನುವುದು ವೇಲೆ. ಹ ನಮ್ಮ ನಾಲಿಗೆಗೆ ಬಾರದು; ಹೋಗು ಎಂಬುದು ಓಗು, ಹೊಟ್ಟೆ ಎಂಬುದು ಒಟ್ಟೆ. ಕನ್ನಡವನ್ನು ಬರೆಯಬಹುದು, ಅದರಲ್ಲಿ ಪೇಪರು ಬರುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು, ತಿಳಿದವರಿಗೆ ಬೇಕಾಗಿಲ್ಲ. ನಾವು ಅದನ್ನು ಕನ್ನಡ ಎಂದು ಕರೆಯುವುದೂ ಅಪರೂಪ. ನಮ್ಮ ಮಾತು ಎನ್ನುತ್ತೇವೆ.

ನನ್ನ ಮದುವೆ ನಡೆದದ್ದೂ ಆ ಮಾತಿನ ಬಲದಿಂದಲೇ. ಗೋಪಿನಾಥ್ ಉಲ್ಲಾಸ್‌ನಲ್ಲಿ ವಿಮಾನ ರಿಪೇರಿಯ ಎಂಜಿನಿಯರ್. ಅವರದು ನೇಯ್ಗೆಯವರ ಕುಲ, ನಮ್ಮದು ಒಕ್ಕಲುತನ. ಎರಡೂ ಮನೆಯವರು ಮುಖ ತಿರುಗಿಸಿಕೊಂಡಿದ್ದಾಗ ಅವರ ತಾಯಿ ಜಾನಕಿಯಮ್ಮ ಒಂದು ಸಲ ನನ್ನ ಬಾಯಲ್ಲಿ ಮಾತು ಕೇಳಿದರು. "ಜಾತಿ ಬೇರೆ ಆದ್ರೂ ಮಾತು ನಮ್ದೇ ಅಲ್ವಾ, ಬರ್ಲಿ ಬಿಡು" ಅಂದರು. ಆರ್.ಎಸ್. ಪುರದ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಹೀಗೆ.

ಜಾನಕಿಯಮ್ಮನನ್ನು ಬಲ್ಲವರು ಅವರ ಜಾಣತನವನ್ನೂ ಬಲ್ಲರು. ಮಾವ ಕುಪ್ಪುಸಾಮಿ ಬದುಕಿದ್ದಾಗ ನೆಗಮಂ ಸೀರೆಗಳ ಸಗಟು ವ್ಯಾಪಾರ. ಗಿರಾಕಿ ಬಂದರೆ ಮಾವ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದರು, ಅತ್ತೆ ಪಕ್ಕದಲ್ಲಿ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು. ಗಿರಾಕಿ ಎದ್ದು ಹೊರಟಂತೆ ನಟಿಸಿದರೆ ಅತ್ತೆ ಎಲೆಯಿಂದ ಕಣ್ಣೆತ್ತದೆ, ಅಡುಗೆಯ ಸುದ್ದಿ ಹೇಳುವ ಧಾಟಿಯಲ್ಲಿ, ನಮ್ಮ ಮಾತಿನಲ್ಲಿ, "ಓಗಾದಿಲ್ಲ, ಚೆಪ್ಪಲ್ ಬಿಟ್ಟೋನು ಇನ್ನೂ ಆಕ್ಕೊಂಡಿಲ್ಲ" ಅನ್ನುತ್ತಿದ್ದರು. ಗಿರಾಕಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಮಾವ ಬೆಲೆ ಇಳಿಸುತ್ತಿರಲಿಲ್ಲ. ಆ ಮನೆ ಎದ್ದದ್ದು ಹಾಗೆ. ಎದುರಿಗೇ ಕೂತವನ ಗುಟ್ಟನ್ನು ಎದುರಿಗೇ ಆಡುವುದು ನಮ್ಮವರಿಗೆ ಉಸಿರಾಡಿದಷ್ಟು ಸಲೀಸು. ಮನೆ ನೋಡಲು ಬಂದವರ ಮುಂದೆ, ಡಾಕ್ಟರ ಮುಂದೆ, ಟ್ಯೂಷನ್ ಮೇಷ್ಟರ ಮುಂದೆ ಹಾಗೇ ಮಾತಾಡಿದ್ದೇವೆ. ಯಾರೂ ಒಮ್ಮೆಯೂ ತಿರುಗಿ ನೋಡಿದ್ದಿಲ್ಲ.

ನಾನು ಹತ್ತೂರು ನೋಡಿದವಳು, ನನಗಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಒಮ್ಮೆ ಗೋವಾ ವಿಮಾನದಲ್ಲಿ ಬೆಂಗಳೂರಿನ ಹೆಂಗಸೊಬ್ಬರು ಕೂತಿದ್ದರು. ಆಸೆಯಿಂದ ಹೋಗಿ ನಮ್ಮ ಮಾತಿನಲ್ಲಿ ಅವರೊಡನೆ ನಾಲ್ಕು ಮಾತಾಡಿದೆ. ಆಕೆ ನಗುತ್ತ, "ಇದ್ಯಾವ ಭಾಷೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವತ್ತಿನಿಂದ ನಮ್ಮ ಮಾತು ನಮಗೆ ಮಾತ್ರ ಎಂದು ನಾನೂ ನಂಬಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದೂ ಏನೋ ಹೀಗೇ ಲೆಕ್ಕ ಹಾಕಿರಬೇಕು.

ಉಲ್ಲಾಸ್‌ನ ಕಥೆ ಮುಗಿಯುತ್ತದೆಂಬ ಸುದ್ದಿ ಮೇಲ್‌ನಲ್ಲಿ ಬಂತು. 'ಒಂದೇ ಕುಟುಂಬ, ಒಂದೇ ಬಣ್ಣ' ಎಂಬುದು ಅದರ ತಲೆಬರಹ. ಕೊಲ್ಲುವವರೆಲ್ಲ ಈಗೀಗ ಕುಟುಂಬ ಎಂಬ ಮಾತಿಲ್ಲದೆ ಕತ್ತಿ ಎತ್ತುವುದಿಲ್ಲ. ಹೊಸ ವಿಮಾನಗಳು ದಿಲ್ಲಿಗೆ ಹೋಗಿ ನೀಲಿ ಬಣ್ಣ ಹೊಡೆಸಿಕೊಳ್ಳುತ್ತವೆ. ಮುದುಕಿ, ಕುಂಟಿ ನೀಲಾಂಬರ್ ಬಾಡಿಗೆಗೆ ತಂದಿದ್ದ ವಿಮಾನಗಳು. ಅವನ್ನು ಹೊರದೇಶದ ಯಜಮಾನರಿಗೆ ವಾಪಸು ಮಾಡಲಾಗುತ್ತದೆ. ಕೊಯಮತ್ತೂರಿನ ಸಿಬ್ಬಂದಿಯ ಬಗ್ಗೆ 'ಸೂಕ್ತ ತೀರ್ಮಾನ'. ಆ ತೀರ್ಮಾನ ಮಾಡಲು ದಿಲ್ಲಿಯಿಂದ ದೇಸಾಯಿ ಎಂಬ ಅಧಿಕಾರಿ ಬರುತ್ತಾರೆ.

ನಮ್ಮ ಸಿಬ್ಬಂದಿ ಸಂಘಕ್ಕೆ ಗೋಪಿನಾಥ್ ಅಧ್ಯಕ್ಷ. ಕ್ಯಾಬಿನ್ನಿನವರ ಪರವಾಗಿ ನಾನು. ಸಾಮಾನು ಹೇರುವವರು, ಏಣಿ ತಳ್ಳುವವರು, ಕಸ ಗುಡಿಸುವವರ ಪರವಾಗಿ ಮದುಕ್ಕರೈಯ ಲಿಂಗಸಾಮಿಯಣ್ಣ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೂಟೆ ಹೊತ್ತು ಹೊತ್ತು ಕೆಮ್ಮು ಹತ್ತಿಸಿಕೊಂಡು, ಇಲ್ಲಿಗೆ ಬಂದ ಮೇಲೆ ಸ್ವಲ್ಪ ಉಸಿರಾಡಿದ ಮನುಷ್ಯ. ಸಂಘದ ಸಭೆಯಲ್ಲಿ ಗೋಪಿನಾಥ್ ಎಲ್ಲರೆದುರು ಲಿಂಗಸಾಮಿಯಣ್ಣನ ಕೈ ಹಿಡಿದು, ಇದ್ದರೆ ಎಲ್ಲರೂ ಇರುತ್ತೇವೆ, ಹೋದರೆ ಎಲ್ಲರೂ ಹೋಗುತ್ತೇವೆ ಎಂದು ಮಾತು ಕೊಟ್ಟರು. ಅವತ್ತು ನನ್ನ ಗಂಡನ ಬಗ್ಗೆ ನನಗೆ ಹೆಮ್ಮೆ ತುಂಬಿ ಬಂದಿತ್ತು.

ನಮ್ಮ ಕೈಯಲ್ಲಿ ಒಂದು ಅಸ್ತ್ರವಿತ್ತು. ಬಾಡಿಗೆ ವಿಮಾನ ಎಂದರೆ ಬಾಡಿಗೆ ಮನೆಯ ಹಾಗೆ; ಕೊಟ್ಟಾಗ ಹೇಗಿತ್ತೋ ಹಾಗೇ ಒಪ್ಪಿಸಬೇಕು, ಒಂದೊಂದು ಬಿಡಿಭಾಗವನ್ನೂ ತೋರಿಸಿ. ಅದು ತಿಂಗಳುಗಟ್ಟಲೆ ಕೆಲಸ. ಅಲ್ಲಿಯವರೆಗೆ ನಿಂತ ವಿಮಾನಕ್ಕೂ ಬಾಡಿಗೆ ಸುರಿಯಬೇಕು. ಮುದುಕಿಯ, ಕುಂಟಿಯ ಒಳಗನ್ನು ಬಲ್ಲವರು ನಮ್ಮ ಎಂಜಿನಿಯರುಗಳು ಮಾತ್ರ. ಆ ಸಮಯಕ್ಕೆ ಸರಿಯಾಗಿ ಹೈದರಾಬಾದಿನ ಒಂದು ರಿಪೇರಿ ಕಂಪನಿ ನಮ್ಮ ಎಂಜಿನಿಯರುಗಳನ್ನೆಲ್ಲ ಒಟ್ಟಿಗೇ ತೆಗೆದುಕೊಳ್ಳುವ ಮಾತಾಡಿತ್ತು. ಈ ಸುದ್ದಿ ದಿಲ್ಲಿಗೂ ಮುಟ್ಟಿತ್ತು. ಎಲ್ಲರನ್ನೂ ಉಳಿಸಿಕೊಳ್ಳಿ, ಇಲ್ಲವೇ ನಾವು ನಾಳೆಯೇ ಹೈದರಾಬಾದಿಗೆ ಹೊರಡುತ್ತೇವೆ, ನಿಮ್ಮ ವಿಮಾನಗಳನ್ನು ನೀವೇ ಒರೆಸಿಕೊಳ್ಳಿ. ಇದಿಷ್ಟೇ ನಮ್ಮ ಬಲ.

ದೇಸಾಯಿ ಬಂದ ವಾರವೇ ಹೈದರಾಬಾದಿನವರು ಕೈ ಎತ್ತಿದರು. ಈಗ ಆಗುವುದಿಲ್ಲ, ಮುಂದೆ ನೋಡೋಣ. ಫೋನು ಬಂದದ್ದು ಗೋಪಿನಾಥ್‌ಗೆ. ಅವರು ಹೇಳಿದ್ದು ನನಗೆ ಮತ್ತು ಅತ್ತೆಗೆ. ನಾಲ್ಕನೆಯವರ ಕಿವಿಗೆ ಬೀಳಬಾರದು ಎಂದು ಮೂವರೂ ಒಪ್ಪಿಕೊಂಡೆವು. ದೇಸಾಯಿಗೆ ತಿಳಿಯುವ ತನಕ ಆ ಅಸ್ತ್ರ ಅಸ್ತ್ರವೇ.

"ಅವನ್ನ ಊಟಕ್ ಕೂಗು" ಎಂದರು ಅತ್ತೆ. "ನಮ್ ಎಲೇಲಿ ಉಂಡೋನು ನಮ್ ಒಟ್ಟೆ ಮೇಲೆ ಒಡೆಯಾದಿಲ್ಲ."

ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆಯನ್ನು ಅತ್ತೆ ಬೆಳಿಗ್ಗೆ ಎದ್ದರೆ ಸಂಜೆಯವರೆಗೆ ಹೇಳುವವರು. ಬಂದವನು ಎರಡು ಬಗೆಯುವ ಮುಂಚೆ ನಾವೇ ಎರಡು ಬಗೆದು ಅವನಿಗೆ ಎಲೆ ಹಾಕುತ್ತಿದ್ದೇವೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ದೇಸಾಯಿ ಭಾನುವಾರ ಮಧ್ಯಾಹ್ನ ಬಂದರು. ದಪ್ಪನೆಯ ಮನುಷ್ಯ, ಮೆದು ದನಿ. ಇಂಗ್ಲಿಷ್ ಬಿಟ್ಟರೆ ಹಿಂದಿ. ದೇಸಾಯಿ ಎಂದರೆ ಗುಜರಾತಿಯೇ ಇರಬೇಕು ಎಂದು ನಾವು ಆಗಲೇ ತೀರ್ಮಾನಿಸಿಯಾಗಿತ್ತು. ಅದಕ್ಕೇ ಅತ್ತೆ ಸಿಹಿ ಹೆಚ್ಚು ಮಾಡಿಸಿದ್ದರು. ಬಾಳೆಲೆಯ ತುದಿಗೆ ಒಪ್ಪುಟ್ಟು. ನೀವು ಒಬ್ಬಟ್ಟು, ಹೋಳಿಗೆ ಅನ್ನುತ್ತೀರಲ್ಲ, ಅದೇ. ಅತ್ತೆ ಬಾಗಿಲಲ್ಲೇ ನಿಂತು "ವಾಂಗ, ವಾಂಗ" ಎಂದು ತಮಿಳಿನಲ್ಲಿ ಬಾಯಿ ತುಂಬ ಕರೆದರು. ಹೊರಗಿನವರು ಬಂದರೆ ನಮ್ಮಲ್ಲಿ ಹಾಗೆ: ಬಂದವರಿಗೆ ತಮಿಳು, ನಮ್ಮನಮ್ಮಲ್ಲಿ ನಮ್ಮ ಮಾತು.

ಎಲೆಯ ಮುಂದೆ ಕೂತ ದೇಸಾಯಿ ಸಾಂಬಾರಿಗೆ ಮಣೆ ಹಾಕಲಿಲ್ಲ, ನೇರ ಒಪ್ಪುಟ್ಟಿಗೆ ಕೈ ಹಾಕಿದರು. ಒಂದು ಚೂರು ಬಾಯಿಗಿಟ್ಟರು. ಆಮೇಲೆ ಹಿಂದಿಯಲ್ಲಿ, ಸ್ವಲ್ಪ ಹಾಲು ಸಿಗುತ್ತದೆಯೇ ಎಂದು ಕೇಳಿದರು. ತಂದುಕೊಟ್ಟೆ. ಒಪ್ಪುಟ್ಟಿನ ಮೇಲೆ ಹಾಲು ಸುರಿದುಕೊಂಡು, ಕಲಸಿ, ಕೈಯಲ್ಲೇ ಬಳಿದು ತಿಂದರು. ಅವರ ಕಣ್ಣಲ್ಲಿ ನೀರಾಡಿದ ಹಾಗಿತ್ತು. ಖಾರಕ್ಕೆ ಎಂದುಕೊಂಡೆ. ಒಪ್ಪುಟ್ಟಿನಲ್ಲಿ ಖಾರ ಎಲ್ಲಿಂದ ಬರಬೇಕು?

ಅತ್ತೆ ಹಿಂದೆ ನಿಂತು ತುಪ್ಪ ಬಡಿಸುತ್ತ ನನಗೆ ಹೇಳಿದರು: "ಇಂದೂ, ಅವನ್ ಒಟ್ಟೆ ನೋಡ್ದ್ಯಾ? ನಿಮ್ ಪ್ಲೇನ್ ಸೀಟಲ್ ಇಡಿಯಾದಿಲ್ಲ. ಆ ಸಿಟ್ಟಿಗೇ ಮುಚ್ಚಾಕ್ ಬಂದವ್ನೆ."

ದೇಸಾಯಿಗೆ ನೆತ್ತಿಗೇರಿತು. ಕೆಮ್ಮಿದರು, ಕಣ್ಣು ಒರೆಸಿಕೊಂಡರು. ನಾನು ಓಡಿ ನೀರು ಕೊಟ್ಟೆ; ಇಷ್ಟು ವರ್ಷ ಮಾಡಿದ ಕೆಲಸ ಅದೇ ತಾನೆ. ಗೋಪಿನಾಥ್ ತುಟಿ ಕಚ್ಚಿಕೊಂಡು ನಗು ತಡೆದರು. ಆ ಕ್ಷಣ ನಾವು ಮೂವರೂ ಗೆದ್ದವರ ಹಾಗೆ ಇದ್ದೆವು.

ಆಮೇಲೆ ಗೋಪಿನಾಥ್ ಇಂಗ್ಲಿಷಿನಲ್ಲಿ ವಿಷಯ ಎತ್ತಿದರು. ಎಲ್ಲರನ್ನೂ ಉಳಿಸಿಕೊಳ್ಳಬೇಕು, ಕ್ಯಾಬಿನ್ನಿನವರು, ಕೆಳಗಿನ ಕೆಲಸದವರು, ಎಲ್ಲರನ್ನೂ. ದೇಸಾಯಿ ಕೇಳುತ್ತ ತಲೆ ಆಡಿಸುತ್ತಿದ್ದರು. ಹೈದರಾಬಾದಿನ ಹೆಸರು ಬರುವ ಹೊತ್ತಿಗೆ ಗೋಪಿನಾಥ್ ದನಿ ಸ್ವಲ್ಪ ತಗ್ಗಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅತ್ತೆಗೆ ಅದು ಕಂಡಿತು. ರಸ ಬೇಕೇ ಎಂದು ಕೇಳುವ ಅದೇ ಧಾಟಿಯಲ್ಲಿ, ಎರಡನೆಯ ಒಪ್ಪುಟ್ಟನ್ನು ದೇಸಾಯಿಯ ಎಲೆಗೆ ಜಾರಿಸುತ್ತ, ಮಗನಿಗೆ ಹೇಳಿದರು:

"ಗೋಪೀ, ಐದರಾಬಾದ್‌ನೋರು ಕೈ ಬಿಟ್ಟದ್ದ ಮೊಗದಲ್ ತೋರಿಸ್ಬೇಡ. ಎಲ್ಲಾರೂ ಓಗ್ತೀವಿ ಅಂತ್ಲೇ ಗಟ್ಟಿಯಾಗ್ ಯೋಳು. ಆಮೇಲ್ ಅವ ಎಷ್ಟ್ ಕೊಟ್ರೂ ಇಡ್ಕೋ. ಮಿಕ್ಕೋರ್ ಕತೆ ನಮಗ್ ಯಾಕೆ? ಇಂದೂನ್ ವೇಲೆ ಓದ್ರೂ ಪರವಾಯಿಲ್ಲೆ, ಮನೇಲ್ ಇರ್ಲಿ. ನಿನ್ ವೇಲೆ ನಿಂತ್ರೆ ಸಾಕು."

ನಾನು ಪಲ್ಯದ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ. ನನ್ನ ಮುಂದೆಯೇ ನನ್ನನ್ನು ಬಿಟ್ಟುಕೊಟ್ಟರು. ಗಿರಾಕಿ ಮುಂದೆ ಒಂದು ಸೀರೆಯನ್ನು ಪಕ್ಕಕ್ಕೆ ಸರಿಸಿದಷ್ಟು ಹಗುರವಾಗಿ. ನಾನು ಗೋಪಿನಾಥ್ ಮುಖ ನೋಡಿದೆ. ಇಲ್ಲಮ್ಮಾ ಅನ್ನುತ್ತಾರೆ, ಎಲ್ಲರಿಗೂ ಮಾತು ಕೊಟ್ಟಿದ್ದೇನೆ ಅನ್ನುತ್ತಾರೆ ಎಂದು ಕಾದೆ.

"ಸರಿಮ್ಮಾ" ಅಂದರು ಗೋಪಿನಾಥ್.

ಕೆಲವರು ಹೇಳಬಹುದು, ತಾಯಿಯ ಬಾಯಿ ಮುಚ್ಚಿಸಲು ಹಾಗಂದಿರಬೇಕು ಎಂದು. ಇರಬಹುದು. ಅವತ್ತು ರಾತ್ರಿ ಅವರೂ ಅದನ್ನೇ ಹೇಳಿದರು. ನಾನು ನಂಬಲಿಲ್ಲ. ಹೊರಡುವಾಗ ದೇಸಾಯಿ ಅತ್ತೆಯ ಮುಂದೆ ಬಗ್ಗಿ ಕಾಲು ಮುಟ್ಟಿದರು. ಅತ್ತೆ ಹಿಗ್ಗಿ ಹೀರೇಕಾಯಿಯಾದರು. "ನೋಡ್ದ್ಯಾ, ಉಪ್ಪು ಏನ್ ಮಾಡುತ್ತೆ ಅಂತ?" ಎಂದು ನನ್ನ ಕಡೆ ತಿರುಗಿದರು. ನಾನು ಎಂಜಲೆಲೆ ಎತ್ತುತ್ತಿದ್ದೆ.

ಕೊನೆಯ ಮಾತುಕತೆ ಅವಿನಾಶಿ ರಸ್ತೆಯ ಹೋಟೆಲೊಂದರಲ್ಲಿ. ಒಂದು ಕಡೆ ದೇಸಾಯಿ ಒಬ್ಬರೇ. ಈ ಕಡೆ ಗೋಪಿನಾಥ್, ನಾನು, ಒಗೆದ ಬಿಳಿ ಅಂಗಿ ತೊಟ್ಟು ಬಂದಿದ್ದ ಲಿಂಗಸಾಮಿಯಣ್ಣ. ದೇಸಾಯಿ ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳಿದರು, ನಾನು ಲಿಂಗಸಾಮಿಯಣ್ಣನಿಗೆ ತಮಿಳಿನಲ್ಲಿ ಹೇಳುತ್ತ ಹೋದೆ. ಕ್ಯಾಬಿನ್ನಿನವರನ್ನೂ ಕೆಳಗಿನ ಕೆಲಸದವರನ್ನೂ ಬಿಡುಗಡೆ ಮಾಡಲಾಗುತ್ತದೆ. ಹಳೆಯ ಎರಡು ವಿಮಾನ ವಾಪಸಾಗುವ ತನಕ ಎಂಜಿನಿಯರುಗಳು ಇರುತ್ತಾರೆ. ಆಮೇಲೆ ಅವರೂ ಇಲ್ಲ.

ಗೋಪಿನಾಥ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು. ಹಾಗಾದರೆ ನಾಳೆಯೇ ಎಂಜಿನಿಯರುಗಳೆಲ್ಲ ಹೈದರಾಬಾದಿಗೆ ಹೊರಡುತ್ತೇವೆ ಎಂದರು. ಈ ಸಲ ದನಿ ತಗ್ಗಲಿಲ್ಲ. ಲಿಂಗಸಾಮಿಯಣ್ಣನ ಮುಖ ಅರಳಿತು.

ದೇಸಾಯಿ ಪೆನ್ನಿನ ಮುಚ್ಚಳ ಹಾಕಿದರು. ಲಿಂಗಸಾಮಿಯಣ್ಣನನ್ನು ಒಮ್ಮೆ ನೋಡಿದರು, ಆಮೇಲೆ ನಮ್ಮಿಬ್ಬರನ್ನು. ಆಮೇಲೆ ಮಾತಾಡಿದರು.

"ಕೂಡ್ರಿ ಗೋಪಿನಾಥ್. ಹೈದರಾಬಾದಿನವ್ರು ಕೈ ಬಿಟ್ಟಾರಲ್ರೀ. ಮತ್ಯಾಕ ಅದನ್ನ ಹೇಳ್ತೀರಿ?"

ಮಾತು ಬೇರೆ ಥರ ಇತ್ತು, ಏರಿಳಿತ ಬೇರೆ. ಆದರೆ ಪ್ರತಿ ಅಕ್ಷರವೂ ತಿಳಿಯಿತು. ನಮ್ಮ ಒಲೆಯ ಮುಂದಿನ ಮಾತು ಏಸಿ ಹಾಕಿದ ಹೋಟೆಲ್ ಕೋಣೆಯಲ್ಲಿ, ಟೈ ಕಟ್ಟಿದವನ ಬಾಯಲ್ಲಿ. ಗೋಪಿನಾಥ್ ಕೂತರೋ ಬಿದ್ದರೋ ಗೊತ್ತಾಗಲಿಲ್ಲ.

"ನಮ್ಮೂರು ಧಾರವಾಡ ಕಡೇದು" ಎಂದರು ದೇಸಾಯಿ. ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. "ಊರು ಬಿಟ್ಟು ಭಾಳ ವರ್ಷ ಆತು. ಮನ್ಯಾಗ ಹೆಂಡತಿ ಹಿಂದಿ, ಮಕ್ಕಳು ಇಂಗ್ಲಿಷ್. ನಿಮ್ಮ ಅವ್ವಾರ ಮಾತು ಅರ್ಧ ತಮಿಳು, ಖರೆ. ಆದ್ರ ಕೇಳಿ ನಮ್ಮ ಅಜ್ಜಿ ನೆನಪಾದ್ಲು. ನಾನೂ ಕನ್ನಡದಾಂವ ಅಂತ ಅವತ್ತ ಹೇಳಬೇಕು ಅಂತ ಬಾಯಿತನಕ ಬಂದಿತ್ತು. ಹೇಳಿದ್ರ ಅವ್ರು ಮಾತಾಡೋದು ನಿಲ್ಲಿಸಿಬಿಡ್ತಿದ್ರು. ಅದಕ್ಕ ಸುಮ್ನ ಕೇಳಕೋತ ಕುಂತೆ."

ದೇಸಾಯಿ ಮುಂದಿದ್ದ ಕಾಗದಗಳನ್ನು ಜೋಡಿಸಿಟ್ಟರು.

"ಕಿವಿಗೆ ಬ್ಯಾರೆದೂ ಬಿತ್ತು. ಕೇಳಿದ್ದನ್ನ ಕೇಳಿಲ್ಲ ಅನ್ನಾಕ ಆಗಂಗಿಲ್ರಿ, ನನ್ನ ಕೆಲಸಾನೂ ಇದರ ಮ್ಯಾಲೇ ನಿಂತದ. ಅವ್ವಾರು ಕೇಳಿದ್ದು ಒಂದ: ನಿಮ್ಮ ಕೆಲಸ ನಿಂತ್ರ ಸಾಕು. ಅದನ್ನ ನಾ ನಡಸಿಕೊಡ್ತೀನಿ. ದಿಲ್ಲಿ ಹ್ಯಾಂಗರಿನ್ಯಾಗ ನಿಮಗ ಪರ್ಮನೆಂಟ್ ಜಾಗ. ಉಳದವ್ರದು ನನ್ನ ಕೈಯಾಗಿಲ್ಲ." ನನ್ನ ಕಡೆ ನೋಡಲಿಲ್ಲ. "ನಿಮ್ಮ ಮನ್ಯಾಗ ಉಂಡೀನಿ. ಅಷ್ಟರ ಮಾಡಬೇಕಲ್ಲ."

ಎಂಥ ಕೃತಜ್ಞತೆ! ಉಂಡ ಮನೆಗೆ ಎರಡು ಬಗೆಯದವನು ಹೇಗಿರುತ್ತಾನೆಂದು ಅವತ್ತು ಕಣ್ಣಾರೆ ನೋಡಿದೆ. ಅತ್ತೆ ಬೇಡಿದ್ದನ್ನು ಒಂದಕ್ಷರ ತಪ್ಪದೆ ಕೊಟ್ಟಿದ್ದ.

ಲಿಂಗಸಾಮಿಯಣ್ಣ ನಮ್ಮ ಮುಖಗಳನ್ನು ಒಂದಾದ ಮೇಲೊಂದು ನೋಡಿದ. ಸಭೆ ಇದ್ದಕ್ಕಿದ್ದಂತೆ ಅವನನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿತ್ತು. "ಎನ್ನ ಬಾಷೈ ಇದು? ಎನ್ನ ಸೊಲ್ರಾರು?" ಇದೇನು ಭಾಷೆ, ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದ. ಇಷ್ಟು ಹೊತ್ತು ಅವನಿಗೆ ಎಲ್ಲವನ್ನೂ ತಿಳಿಸುತ್ತಿದ್ದವಳು ನಾನೇ ಅಲ್ಲವೆ?

"ಒಣ್ಣುಮಿಲ್ಲೆ ಅಣ್ಣಾ" ಎಂದರು ಗೋಪಿನಾಥ್. ಏನೂ ಇಲ್ಲ.

ಚಪ್ಪಲಿ ಬಿಟ್ಟು ಕೂತ ಗಿರಾಕಿಗಳ ಮುಂದೆ ಆ ಮನೆಯವರು ಯಾವಾಗಲೂ ಹೇಳುತ್ತಿದ್ದ ಮಾತು. ಏನೋ ಮನೆಯ ಸುದ್ದಿ, ಒಂದೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಲಿಂಗಸಾಮಿಯಣ್ಣನ ಕಡೆ ತಿರುಗಿ ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ. ಹೈದರಾಬಾದ್ ಮೊದಲೇ ಮುರಿದು ಬಿದ್ದದ್ದು. ಊಟದ ಎಲೆಯ ಮುಂದೆ ಅತ್ತೆ ಹೇಳಿದ್ದು, ಮಿಕ್ಕವರ ಕಥೆ ನಮಗೇಕೆ ಎಂದದ್ದು. ದಿಲ್ಲಿಯ ಜಾಗ. ಗೋಪಿನಾಥ್ ನನ್ನ ಮೊಣಕೈ ಹಿಡಿದು ಅದುಮಿದರು. ನಾನು "ಸರಿಮ್ಮಾ" ಎಂಬುದನ್ನೂ ಬಿಡದೆ ಹೇಳಿದೆ.

ಲಿಂಗಸಾಮಿಯಣ್ಣ ಬೈಯಲಿಲ್ಲ. ಮೇಜಿನ ಮೇಲಿಟ್ಟಿದ್ದ ಟವೆಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಬಾಗಿಲ ಹೊರಗೆ ಅವನ ಕೆಮ್ಮು ಸ್ವಲ್ಪ ಹೊತ್ತು ಕೇಳುತ್ತಿತ್ತು.

ಸಂಜೆ ಮನೆಗೆ ಬಂದಾಗ ಅತ್ತೆ ಜಗುಲಿಯಲ್ಲೇ ಕಾದಿದ್ದರು. "ಏನ್ ಆಯ್ತು ಮಗಾ? ಇಳುದ್ನಾ?"

"ಎನಕ್ಕು ವೇಲೆ ಇರುಕ್ಕುಮ್ಮಾ. ದಿಲ್ಲಿಲೆ" ಎಂದರು ಗೋಪಿನಾಥ್. ನನಗೆ ಕೆಲಸ ಇದೆ, ದಿಲ್ಲಿಯಲ್ಲಿ. ತಮಿಳಿನಲ್ಲಿ.

ಅತ್ತೆ ತಟ್ಟನೆ ಸೆರಗು ಸರಿಮಾಡಿಕೊಂಡು ಮಗನ ಬೆನ್ನ ಹಿಂದೆ, ಬಾಗಿಲ ಕಡೆ ಇಣುಕಿದರು. ಯಾರೋ ಹೊರಗಿನವರು ಜೊತೆಗೆ ಬಂದಿದ್ದಾರೆ ಎಂದುಕೊಂಡರು. ಯಾರೂ ಇರಲಿಲ್ಲ. ಗೋಪಿನಾಥ್ ಚಪ್ಪಲಿ ಬಿಟ್ಟು ಒಳಗೆ ಹೋದರು.

ಮೊದಲು ಹೊಸ ವಿಮಾನಗಳು ಹೋದವು. ಹೋಗುವ ಮುಂಚೆ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದರು. ಹಾರುವಾಗ ಅವು ಯಾರವೂ ಆಗಿರಲಿಲ್ಲ. ಮುದುಕಿ ಮತ್ತು ಕುಂಟಿ ಓಡುದಾರಿಯ ಆ ತುದಿಯಲ್ಲಿ, ಎಂಜಿನ್ ಬಾಯಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡು ಮಳೆಗಾಲ ಕಳೆದವು. ಎಂಜಿನಿಯರುಗಳು ಅವನ್ನು ತಿಕ್ಕಿ ತೊಳೆದು ಒಪ್ಪಿಸಿ, ಮಾರನೆಯ ದಿನ ತಾವೂ ಗೇಟಿನ ಹೊರಗೆ ನಿಂತರು. ಗೋಪಿನಾಥ್ ಅಷ್ಟರಲ್ಲಿ ದಿಲ್ಲಿಯಲ್ಲಿದ್ದರು. ಹೋಗಬೇಡಿ ಎಂದು ನಾನು ಹೇಳಲಿಲ್ಲ, ಅದು ನಿಜ. ಬಾ ಎಂದು ಅವರೂ ನನ್ನನ್ನು ಕರೆಯಲಿಲ್ಲ, ಅದೂ ನಿಜ. ಲಿಂಗಸಾಮಿಯಣ್ಣ ಮತ್ತೆ ಸಿಮೆಂಟಿಗೆ ಹೋದ ಎಂದು ಯಾರೋ ಹೇಳಿದರು.

ನಾನು ಆರ್.ಎಸ್. ಪುರದಲ್ಲಿ, ಅತ್ತೆ ಅವತ್ತು ಬಯಸಿದ ಹಾಗೆ, ಮನೆಯಲ್ಲೇ ಇದ್ದೆ. ಫೋನಿನಲ್ಲಿ ಕನ್ನಡದ ಅಕ್ಷರ ಕಲಿಯಲು ಕೂತದ್ದು ಆಗಲೇ. ನಮ್ಮ ಗುಟ್ಟಿನ ಮಾತಿಗೆ ಇಷ್ಟು ದೊಡ್ಡ ಊರು, ಇಷ್ಟು ಜನ, ಇಷ್ಟು ಅಧಿಕಾರಿಗಳು ಇದ್ದಾರಲ್ಲ ಎಂಬ ಕೋಪಕ್ಕೆ ಅ, ಆ ತಿದ್ದಿದೆ.

ಗೋಪಿನಾಥ್ ದಿನವೂ ತಾಯಿಗೆ ಫೋನು ಮಾಡುತ್ತಿದ್ದರು. ಅತ್ತೆ ನಮ್ಮ ಮಾತಿನಲ್ಲಿ ಕೇಳುತ್ತಿದ್ದರು, ಮಗ ತಮಿಳಿನಲ್ಲಿ ಉತ್ತರಿಸುತ್ತಿದ್ದರು. ಫೋನು ಇಟ್ಟ ಮೇಲೆ ಅತ್ತೆ ಹೆಮ್ಮೆಯಿಂದ ನನಗೆ ಹೇಳುತ್ತಿದ್ದರು: "ಪಕ್ಕದಲ್ ಯಾರೋ ಅವ್ರೆ. ಅದಕ್ಕೇ ತಮಿಳ್. ಎಷ್ಟ್ ಉಸಾರು ನನ್ ಮಗ!" ಊಟದ ಹೊತ್ತಿಗೆ ಮಾಡಿದರೂ ಪಕ್ಕದಲ್ಲಿ ಯಾರೋ. ಸ್ನಾನ ಮುಗಿಸಿ ಮಾಡಿದರೂ ಪಕ್ಕದಲ್ಲಿ ಯಾರೋ. ನಾನು ಹೂಂ ಅನ್ನುತ್ತಿದ್ದೆ.

ಯುಗಾದಿಯ ದಿನ ಅತ್ತೆ ಒಪ್ಪುಟ್ಟು ತಟ್ಟುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಆಗಷ್ಟೇ ಮಗನ ಫೋನು ಬಂದು ಹೋಗಿತ್ತು. ಹೂರಣದ ಉಂಡೆ ಕಟ್ಟುತ್ತ ಅತ್ತೆ ಹೇಳಿದರು: "ಇಂದೂ, ನಿನ್ ವೇಲೆ ಓದದ್ದು ನಂಗೂ ಸಂಕಟವೇ ಕಣೆ. ಆ ಗುಜರಾತಿ ನಮ್ ಎಲೇಲಿ ಉಂಡ್ಕೊಂಡ್ ಓಗಿ ಇಂಗ್ ಮಾಡ್ಬೋದಾ?"

ಆ ಸಂಕಟ ಎಂಬ ಪದ ಕೇಳಿರದಿದ್ದರೆ ನಾನು ಬಹುಶಃ ಸಾಯುವ ತನಕ ಬಾಯಿ ಬಿಡುತ್ತಿರಲಿಲ್ಲ.

"ಅವ ಗುಜರಾತಿ ಅಲ್ಲ ಅತ್ತೆ" ಎಂದೆ. "ಅವನ್ದೂ ನಮ್ ಮಾತೇ. ಅವತ್ ನೀವ್ ಯೋಳಿದ್ದೆಲ್ಲಾ ಅವನಿಗ್ ತಿಳೀತು. ಒಟ್ಟೆ ದಪ್ಪ ಅಂದದ್ದು, ಐದರಾಬಾದ್ ಮುರಿದದ್ದು, ನನ್ ವೇಲೆ ಓದ್ರೂ ಪರವಾಯಿಲ್ಲೆ ಅಂದದ್ದು, ಎಲ್ಲಾ. ನೀವ್ ಕೇಳಿದ್ದನ್ನೇ ಕೊಟ್ಟ. ಗೋಪಿ ಪಕ್ಕದಲ್ ಯಾರೂ ಇಲ್ಲ."

ಅತ್ತೆಯ ಕೈಯಲ್ಲಿ ಉಂಡೆ ಹಾಗೇ ಇತ್ತು. ಅಳುತ್ತಾರೆ ಎಂದುಕೊಂಡೆ, ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾರೆ ಎಂದುಕೊಂಡೆ. ಎರಡಕ್ಕೂ ನಾನು ಸಿದ್ಧಳಾಗಿದ್ದೆ. ಬೈದರೆ ತಿರುಗಿ ಬೈಯಲು ಮಾತು ತಿಂಗಳುಗಳಿಂದ ಕೂಡಿಟ್ಟಿದ್ದೆ. ಹೆಂಚಿನ ಮೇಲಿನ ಒಪ್ಪುಟ್ಟು ಹೊತ್ತಿತು. ಅವರು ಕೈ ಚಾಚಿ ಒಲೆ ಆರಿಸಿದರು. ಕೈ ತೊಳೆದು, ಒರೆಸಿಕೊಂಡು, ಅಡುಗೆಮನೆಯ ಬಾಗಿಲು ಕಿಟಕಿಯನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸಾಪುಡ್ರೀಂಗಳಾ?" ಎಂದರು. ಊಟ ಮಾಡ್ತೀರಾ. ಹೊಸಿಲಿಗೆ ಬಂದ ಹೊರಗಿನವರನ್ನು ಕೇಳುವ ತಮಿಳಿನಲ್ಲಿ, ಬಹುವಚನದ ಮರ್ಯಾದೆಯಲ್ಲಿ.

ಆ ಮನೆಯೊಳಗೆ ನಾನು ಬಂದದ್ದು ಯಾವ ಮಾತಿನಿಂದಲೋ ಆ ಮಾತು ಅಲ್ಲಿ ಮುಗಿಯಿತು. "ಆಮಾಂಗ", ಹೌದು, ಎಂದೆ ನಾನೂ, ತಮಿಳಿನಲ್ಲೇ. ಅತ್ತೆ ಎಲೆ ಹಾಕಿ ನೀರು ಚಿಮುಕಿಸಿದರು, ನಾನು ಅದರ ಮುಂದೆ ಕೂತೆ.